ಪಾಲಿಪ್ ತೆಗೆದಾಯಿತು, ಊಟವೂ ಬದಲಾಯಿತು. ಮುಂದಿನ ತಾರೀಕು ಯಾವುದು?

ಕೊಲೊನೊಸ್ಕೋಪಿ ಮಾಡಿಸಿಕೊಂಡವರು ಈ ಅಂಕಣಕ್ಕೆ ಬರೆಯುವ ಪತ್ರಗಳಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ದೊಡ್ಡ ಕರುಳಿನಲ್ಲಿ ಪಾಲಿಪ್ ಇತ್ತು, ಪರೀಕ್ಷೆ ಮಾಡುವಾಗಲೇ ತೆಗೆದರು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂತು. ಇನ್ನು ಮುಂದೆ ಏನು ತಿನ್ನಬೇಕು, ಏನು ಬಿಡಬೇಕು? ಹಾಸನದ ಕಡೆಯ ನಿವೃತ್ತ ಮೇಷ್ಟರೊಬ್ಬರು ಅನ್ನ ಪೂರ್ತಿ ಬಿಟ್ಟು ಮೂರು ಹೊತ್ತೂ ಮುದ್ದೆ ಉಣ್ಣುತ್ತಿದ್ದಾರೆ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಮೆಣಸಿನಕಾಯಿ ಮುಟ್ಟುತ್ತಿಲ್ಲ. ಅಮೆರಿಕದಲ್ಲಿರುವ ಮಗನಿಗೆ 45 ತುಂಬಿದ ಕೂಡಲೇ ಅಲ್ಲಿನ ಡಾಕ್ಟರು ಈ ಪರೀಕ್ಷೆಗೆ ಬರೆದುಕೊಟ್ಟರು, ಪಾಲಿಪ್ ಸಿಕ್ಕಿತು, ಅವನಿಗೆ ಮೆಂತ್ಯ ನೆನೆಸಿದ ನೀರು ಕುಡಿಯಲು ಹೇಳಲೇ ಎಂದು ಮೈಸೂರಿನ ತಾಯಿಯೊಬ್ಬರು ಕೇಳಿದ್ದಾರೆ. ಎಲ್ಲರ ಚಿಂತೆಯೂ ತಟ್ಟೆಯ ಸುತ್ತಲೇ ಇದೆ. ಮತ್ತೆ ಯಾವಾಗ ಹೋಗಿ ನೋಡಿಸಿಕೊಳ್ಳಬೇಕು ಎಂದು ಕೇಳಿದವರು ತೀರಾ ಕಡಿಮೆ. ಊಟದ ಬಗ್ಗೆ ಹೇಳುವುದು ಬಹಳ ಇದೆ, ಹೇಳುತ್ತೇನೆ. ಆದರೆ ಯಾರೂ ಕೇಳದ ಆ ಪ್ರಶ್ನೆಯೇ ಇವೆಲ್ಲಕ್ಕಿಂತ ದೊಡ್ಡದು ಎಂದು ನನ್ನ ನಂಬಿಕೆ.

ಪಾಲಿಪ್ ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಮೂಡುವ ಪುಟ್ಟ ಗಂಟು. ಕೆಲವು ಅಣಬೆಯ ಹಾಗೆ ತೊಟ್ಟಿನ ಮೇಲೆ ನಿಂತಿರುತ್ತವೆ, ಕೆಲವು ಒಳಪದರಕ್ಕೆ ಅಂಟಿಕೊಂಡು ಚಪ್ಪಟೆಯಾಗಿರುತ್ತವೆ. ಹೆಚ್ಚಿನವು ನೋವು ಕೊಡುವುದಿಲ್ಲ, ಇದ್ದಾವೆ ಎಂದೇ ಗೊತ್ತಾಗುವುದಿಲ್ಲ. ಎಲ್ಲವೂ ಒಂದೇ ಜಾತಿಯವಲ್ಲ. ಬಯಾಪ್ಸಿ ವರದಿಯಲ್ಲಿ ಹೈಪರ್‌ಪ್ಲಾಸ್ಟಿಕ್ ಎಂದು ಬರೆದಿದ್ದರೆ, ಅದರಲ್ಲೂ ಗಾತ್ರ ಸಣ್ಣದಿದ್ದು ಗುದನಾಳದ ಹತ್ತಿರ ಇದ್ದದ್ದಾದರೆ, ಸಾಮಾನ್ಯವಾಗಿ ಹೆದರುವಂಥದ್ದೇನೂ ಇರುವುದಿಲ್ಲ. ಅಡಿನೋಮಾ ಎಂದಿದ್ದರೆ ಲೆಕ್ಕ ಬೇರೆ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಶುರುವಾಗುವುದು ಅಡಿನೋಮಾದಿಂದಲೇ. ಹಾಗಂತ ಪ್ರತಿ ಅಡಿನೋಮಾವೂ ಕ್ಯಾನ್ಸರ್ ಆಗುವುದಿಲ್ಲ. ಆಗುವುದು ಕೆಲವೇ, ಅದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ. ನನಗೂ ಒಂದು ಸಣ್ಣ ಅಡಿನೋಮಾ ತೆಗೆದಿದ್ದಾರೆ. ವರದಿಯಲ್ಲಿದ್ದ 'ಲೋ ಗ್ರೇಡ್ ಡಿಸ್‌ಪ್ಲೇಸಿಯಾ' ಎಂಬ ಮಾತನ್ನು ಓದಿ ಮನೆಯಲ್ಲಿ ಆ ರಾತ್ರಿ ಯಾರಿಗೂ ಊಟ ಸೇರಲಿಲ್ಲ. ಮರುದಿನ ಡಾಕ್ಟರು ಬಿಡಿಸಿ ಹೇಳಿದರು: ಅಡಿನೋಮಾ ಅಂದಮೇಲೆ ಜೀವಕೋಶಗಳಲ್ಲಿ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಅದು ಕ್ಯಾನ್ಸರ್ ಎಂದು ಅರ್ಥವಲ್ಲ. ಇದೇ ಭಯದಲ್ಲಿ ಬರೆಯುವ ಓದುಗರಿಗೆ ನಾನು ಮೊದಲು ಹೇಳುವುದೂ ಇದನ್ನೇ.

ಈ ಗಂಟನ್ನು ಹೊಟ್ಟೆ ಕೊಯ್ಯದೆ, ಕೊಲೊನೊಸ್ಕೋಪಿಯ ಕೊಳವೆಯ ಮೂಲಕವೇ ತಂತಿಯ ಕುಣಿಕೆ ಹಾಕಿ ತೆಗೆಯಬಹುದು ಎಂದು ತೋರಿಸಿದವರು ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯ. ಅದು 1969ರಲ್ಲಿ. ಅದಕ್ಕೆ ಮುಂಚೆ ಕರುಳಿನ ಮೇಲ್ಭಾಗದ ಪಾಲಿಪ್ ತೆಗೆಯಬೇಕೆಂದರೆ ದೊಡ್ಡ ಶಸ್ತ್ರಚಿಕಿತ್ಸೆಯೇ ದಾರಿ. ಹೀಗೆ ತೆಗೆಸಿಕೊಂಡವರ ಮುಂದಿನ ಬದುಕನ್ನು ಅಮೆರಿಕದ ನ್ಯಾಷನಲ್ ಪಾಲಿಪ್ ಸ್ಟಡಿ ವರ್ಷಗಟ್ಟಲೆ ಹಿಂಬಾಲಿಸಿತು. ಅಡಿನೋಮಾ ತೆಗೆಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ ನಿರೀಕ್ಷೆಗಿಂತ ಬಹಳ ಕಡಿಮೆ ಎಂದು 1993ರಲ್ಲಿ ಹೊರಬಂತು. ಆ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣವೂ ಶೇ 53ರಷ್ಟು ಕಡಿಮೆ ಎಂದು 2012ರಲ್ಲಿ ಗೊತ್ತಾಯಿತು. ಅಂದರೆ ನಿಮಗೆ ಸಿಗಬೇಕಾದ ರಕ್ಷಣೆಯ ದೊಡ್ಡ ಪಾಲು ನೀವು ಆಸ್ಪತ್ರೆಯ ಹಾಸಿಗೆಯ ಮೇಲೆ ಮಂಪರಿನಲ್ಲಿದ್ದಾಗಲೇ ಸಿಕ್ಕಿಬಿಟ್ಟಿದೆ. ಊಟ, ನಡಿಗೆ, ತೂಕ ಇವೆಲ್ಲ ಅದರ ಮೇಲೆ ಸೇರಿಸುವಂಥವು, ಅದರ ಬದಲಿಗೆ ಅಲ್ಲ.

ನಮ್ಮಲ್ಲಿ ಕೊಲೊನೊಸ್ಕೋಪಿಗೆ ಹೋಗುವ ದಾರಿಯೇ ಬೇರೆ. ಸರ್ಕಾರ 30 ದಾಟಿದವರಿಗೆ ನಡೆಸುವ ತಪಾಸಣೆಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಸೇರಿವೆ, ದೊಡ್ಡ ಕರುಳು ಸೇರಿಲ್ಲ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಈ ಕಾಯಿಲೆ ನಮ್ಮಲ್ಲಿ ಕಡಿಮೆ ಇರುವುದು ಅದಕ್ಕೊಂದು ಕಾರಣ. ಹಾಗಾಗಿ ಇಲ್ಲಿ ಬಹಳಷ್ಟು ಜನ ಈ ಪರೀಕ್ಷೆಗೆ ಹೋಗುವುದು ಮಲದಲ್ಲಿ ರಕ್ತ ಕಂಡಮೇಲೆ, ಅದೂ ತಡವಾಗಿ. ರಕ್ತ ಕಂಡರೆ 'ಉಷ್ಣ ಆಗಿದೆ' ಎಂದು ಎಳನೀರು ಕುಡಿಯುತ್ತೇವೆ, 'ಮೂಲವ್ಯಾಧಿ ಇರಬೇಕು' ಎಂದು ಯಾರೋ ಹೇಳಿದ ಬೇರು ಅರೆದು ತಿನ್ನುತ್ತೇವೆ. ಹೆಚ್ಚಿನ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ, ನಿಜ. ಆದರೆ ನೋಡದೆ ಹಾಗೆಂದು ತೀರ್ಮಾನಿಸಲು ಬರುವುದಿಲ್ಲ. ಒಮ್ಮೆ ಪಾಲಿಪ್ ತೆಗೆಸಿಕೊಂಡವರು ಬಿಡಬೇಕಾದ ಮೊದಲ ಅಭ್ಯಾಸ ಯಾವುದು ಎಂದು ನನ್ನನ್ನು ಕೇಳಿದರೆ, ಅನ್ನವನ್ನೂ ಖಾರವನ್ನೂ ನಾನು ಹೆಸರಿಸುವುದಿಲ್ಲ. ರಕ್ತ ಕಂಡರೂ 'ಉಷ್ಣ' ಎಂದು ಸುಮ್ಮನಾಗುವ ಅಭ್ಯಾಸವನ್ನೇ ಮೊದಲು ಬಿಡಿ ಎನ್ನುತ್ತೇನೆ.

ಪಾಲಿಪ್ ತೆಗೆದ ಜಾಗದಿಂದ ಎರಡು ವಾರದವರೆಗೂ ರಕ್ತ ಬರುವ ಸಾಧ್ಯತೆ ಇರುತ್ತದೆ, ಹಾಗಾಗಿ ಆ ದಿನಗಳ ಮಾತು ಬೇರೆಯೇ. ಮಂಪರಿನ ಔಷಧಿ ಕೊಟ್ಟಿರುವುದರಿಂದ ಮೊದಲ ದಿನ ಗಾಡಿ ಓಡಿಸಬಾರದು. ದೊಡ್ಡ ಪಾಲಿಪ್ ಆಗಿದ್ದರೆ ಭಾರ ಎತ್ತುವುದು, ದೂರದ ಪ್ರಯಾಣ ಯಾವಾಗಿನಿಂದ ಮಾಡಬಹುದು, ನಿಲ್ಲಿಸಿದ್ದ ರಕ್ತ ತೆಳುವಾಗಿಸುವ ಮಾತ್ರೆಯನ್ನು ಮತ್ತೆ ಯಾವತ್ತು ಶುರು ಮಾಡಬೇಕು ಎಂದು ಡಾಕ್ಟರ ಹತ್ತಿರ ಬರೆಸಿಕೊಂಡೇ ಬರಬೇಕು. ಹೊಟ್ಟೆ ಉಬ್ಬರ ಒಂದು ದಿನ ಇರುತ್ತದೆ, ಅದು ಕರುಳಿಗೆ ತುಂಬಿದ ಗಾಳಿಯಿಂದ. ತಡೆಯಲಾಗದ ಹೊಟ್ಟೆನೋವು, ಜ್ವರ, ನಿಲ್ಲದ ರಕ್ತ ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೊದಲ ಒಂದೆರಡು ದಿನ ಮೊಸರನ್ನ, ಇಡ್ಲಿ, ತಿಳಿಸಾರು ಸಾಕು. ಹಿಂದಿನ ದಿನವೆಲ್ಲ ಲೀಟರುಗಟ್ಟಲೆ ಪುಡಿ ಕಲಸಿದ ನೀರು ಕುಡಿದು ಖಾಲಿಯಾದ ಕರುಳಿಗೆ ಮರುದಿನವೇ ಸೊಪ್ಪು, ಕಾಳು, ಮುದ್ದೆ ಒಟ್ಟಿಗೆ ತುಂಬಿದರೆ ಗ್ಯಾಸು, ನುಲಿತ ಬರುತ್ತದೆ. ಆಗ ನಾರಿನ ಊಟ ನನಗೆ ಆಗಿಬರುವುದಿಲ್ಲ ಎಂದು ಜನ ಶಾಶ್ವತವಾಗಿ ಕೈಬಿಡುತ್ತಾರೆ.

ನಾರಿನ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮೇಷ್ಟರ ಮೂರು ಹೊತ್ತಿನ ಮುದ್ದೆಯ ಹಿಂದೆ ಇರುವುದು ಅದೇ. ಐರ್ಲೆಂಡ್ ಮೂಲದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಉಗಾಂಡದಲ್ಲಿ ಬಹುಕಾಲ ಕೆಲಸ ಮಾಡಿದವರು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿದ್ದ ದೊಡ್ಡ ಕರುಳಿನ ಕ್ಯಾನ್ಸರ್ ಆಫ್ರಿಕದ ಹಳ್ಳಿಗರಲ್ಲಿ ಅಪರೂಪವಾಗಿರುವುದನ್ನು ಅವರು ಕಂಡರು. ಅಲ್ಲಿಯ ಊಟದಲ್ಲಿ ನಾರು ಹೆಚ್ಚು, ಮಲ ಬೇಗ ಹೊರಹೋಗುತ್ತದೆ, ಅದೇ ಕಾರಣವಿರಬೇಕು ಎಂದು 1971ರಲ್ಲಿ ಬರೆದರು. ಆ ವಿಚಾರ ಜಗತ್ತಿನಾದ್ಯಂತ ಹಬ್ಬಿತು. ಹಾಗಾದರೆ ಪಾಲಿಪ್ ತೆಗೆಸಿಕೊಂಡವರಿಗೆ ನಾರಿನ ಊಟ ಕೊಟ್ಟರೆ ಹೊಸ ಪಾಲಿಪ್ ಬರುವುದು ತಪ್ಪಬೇಕಲ್ಲವೇ? ಅಮೆರಿಕದಲ್ಲಿ ಎರಡು ದೊಡ್ಡ ಪ್ರಯೋಗಗಳು ಇದನ್ನೇ ಪರೀಕ್ಷಿಸಿದವು. ಒಂದರಲ್ಲಿ ಸುಮಾರು ಎರಡು ಸಾವಿರ ಜನ. ಅವರಲ್ಲಿ ಒಂದು ಗುಂಪಿಗೆ ಕೊಬ್ಬು ಕಡಿಮೆ, ನಾರು, ಹಣ್ಣು, ತರಕಾರಿ ಹೆಚ್ಚು ಇರುವ ಊಟವನ್ನು ಕಲಿಸಿ ನಾಲ್ಕು ವರ್ಷ ನೋಡಿದರು. ಇನ್ನೊಂದರಲ್ಲಿ ದಿನವೂ ಗೋಧಿ ಹೊಟ್ಟಿನ ತಿಂಡಿ. ಒಂದು ಗುಂಪಿಗೆ ಅದರಿಂದ 13.5 ಗ್ರಾಂ ನಾರು, ಇನ್ನೊಂದಕ್ಕೆ 2 ಗ್ರಾಂ. 2000ನೇ ಇಸವಿಯಲ್ಲಿ ಎರಡರ ಫಲಿತಾಂಶವೂ ಒಟ್ಟಿಗೆ ಬಂತು. ಮೊದಲನೆಯದರಲ್ಲಿ ಊಟ ಬದಲಿಸಿದವರಲ್ಲೂ ಬದಲಿಸದವರಲ್ಲೂ ಶೇ 40ರ ಹತ್ತಿರ ಜನಕ್ಕೆ ಮತ್ತೆ ಅಡಿನೋಮಾ ಬಂದಿತ್ತು. ಎರಡನೆಯದರಲ್ಲೂ ಪ್ರಯೋಜನ ಕಾಣಲಿಲ್ಲ.

ಹಾಗಾದರೆ ನಾರು ದಂಡವೇ? ಅಲ್ಲ. ಯುರೋಪಿನ ಹತ್ತು ದೇಶಗಳ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ಎಪಿಕ್ ಅಧ್ಯಯನ, ನಾರು ಹೆಚ್ಚು ತಿನ್ನುವವರಲ್ಲಿ ಕರುಳಿನ ಕ್ಯಾನ್ಸರ್ ಗಣನೀಯವಾಗಿ ಕಡಿಮೆ ಎಂದು 2003ರಲ್ಲಿ ಹೇಳಿತು. ನಾಲ್ಕು ವರ್ಷದ ಪ್ರಯೋಗದಲ್ಲಿ ಕಾಣದ್ದು ನಲವತ್ತು ವರ್ಷದ ಊಟದಲ್ಲಿ ಇರಬಹುದು. ಸಕ್ಕರೆ ಕಾಯಿಲೆಗೆ, ಹೃದಯಕ್ಕೆ, ಮಲಬದ್ಧತೆಗೆ ಅದರ ಉಪಕಾರದಲ್ಲಂತೂ ಅನುಮಾನವಿಲ್ಲ. ಆದರೆ ಈ ಎರಡು ಪ್ರಯೋಗಗಳಿಂದ ನಾವು ಕಲಿಯಬೇಕಾದ್ದು ಸ್ಪಷ್ಟ: ಪಾಲಿಪ್ ಬರುವ ಗುಣ ಇರುವವರಿಗೆ ಎಷ್ಟೇ ಚೆನ್ನಾಗಿ ಉಂಡರೂ ಮತ್ತೆ ಬರಬಹುದು. ನಾನು ಈಗ ಮುದ್ದೆ ಉಣ್ಣುತ್ತಿದ್ದೇನೆ, ಮೂರು ವರ್ಷ ಬಿಟ್ಟು ಬನ್ನಿ ಎಂದರು, ಇನ್ನು ಅದೇಕೆ ಬೇಕು ಎಂದು ಮೇಷ್ಟರು ಪತ್ರದ ಕೊನೆಯಲ್ಲಿ ಕೇಳಿದ್ದಾರೆ. ಬೇಕು ಮೇಷ್ಟ್ರೇ, ಖಂಡಿತ ಬೇಕು. ಒಳ್ಳೆಯ ಅಭ್ಯಾಸ ಬೆಳೆಸಿಕೊಂಡವರೇ ಅದರ ಧೈರ್ಯದ ಮೇಲೆ ಪರೀಕ್ಷೆ ತಪ್ಪಿಸಿದರೆ ನನಗೆ ಹೆಚ್ಚು ಸಂಕಟವಾಗುತ್ತದೆ.

ಮುದ್ದೆಯನ್ನು ಬಿಡಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 11 ಗ್ರಾಂ, ಜೋಳದಲ್ಲಿ 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಇಡೀ ಹೆಸರುಕಾಳಿನಲ್ಲಿ 17 ಗ್ರಾಂ. ಅಂದರೆ ಬಸ್ಸಾರು ಮುದ್ದೆ, ಜೋಳದ ರೊಟ್ಟಿಯ ಜೊತೆ ಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ ಇವು ನಮ್ಮ ಅಜ್ಜಿಯರ ಮನೆಯಲ್ಲಿ ಯಾರೂ ಹೇಳಿಕೊಡದೆ ನಡೆಯುತ್ತಿದ್ದ ಊಟ. ಹೊಟ್ಟಿನ ಡಬ್ಬಿ ತರಿಸುವ ಅಗತ್ಯ ಯಾರಿಗೂ ಇಲ್ಲ. ಮೂರು ಹೊತ್ತೂ ಬೇಡ, ಒಂದು ಹೊತ್ತು ಮುದ್ದೆಯೋ ರೊಟ್ಟಿಯೋ, ದಿನಕ್ಕೊಂದು ಕಾಳಿನ ಪದಾರ್ಥ, ಅನ್ನ ಬಡಿಸಿಕೊಂಡಷ್ಟೇ ಪಲ್ಯ. ನಮ್ಮ ಮನೆಯಲ್ಲಿ ಉಳಿದುಕೊಂಡದ್ದು ಇಷ್ಟೇ, ಯಾಕೆಂದರೆ ಇದಕ್ಕೆ ಬೇರೆ ಅಡುಗೆ ಮಾಡಬೇಕಿಲ್ಲ, ಎಲ್ಲರೂ ಅದನ್ನೇ ಉಣ್ಣುತ್ತಾರೆ. ಮನೆಯಲ್ಲಿ ಒಬ್ಬರಿಗೆ ಮಾತ್ರ ಪಥ್ಯದ ಅಡುಗೆ ಶುರುವಾದರೆ, ಅದನ್ನು ಮಾಡುವ ಹೆಂಗಸಿನ ಮೇಲೆ ಬೀಳುವ ಕೆಲಸವನ್ನು ಯಾವ ಡಾಕ್ಟರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹುಬ್ಬಳ್ಳಿಯವರಿಗೆ: ಮೆಣಸಿನಕಾಯಿಯಿಂದ ಪಾಲಿಪ್ ಬರುತ್ತದೆ ಎನ್ನಲು ಆಧಾರವಿಲ್ಲ, ಚಟ್ನಿ ತಿನ್ನಿ. ಮೈಸೂರಿನ ತಾಯಿಗೆ: ಮೆಂತ್ಯದ ನೀರು ಕುಡಿದರೆ ಕೆಡುಕಿಲ್ಲ, ಆದರೆ ಪಾಲಿಪ್‌ಗೂ ಅದಕ್ಕೂ ಸಂಬಂಧವಿಲ್ಲ. ಮಾತ್ರೆಗಳ ವಿಷಯದಲ್ಲೂ ಎಚ್ಚರ ಬೇಕು. ಕ್ಯಾಲ್ಸಿಯಂ ಮಾತ್ರೆಯಿಂದ ಪಾಲಿಪ್ ಮರಳುವುದು ತುಸು ಕಡಿಮೆಯಾಗುತ್ತದೆ ಎಂದು 1999ರ ಪ್ರಯೋಗ ಹೇಳಿತ್ತು, 2015ರ ಇನ್ನೊಂದು ಪ್ರಯೋಗದಲ್ಲಿ ಆ ಪ್ರಯೋಜನ ಕಾಣಲಿಲ್ಲ. ಆಸ್ಪಿರಿನ್ ಅಂತೂ ಸ್ವಂತ ತೀರ್ಮಾನದಿಂದ ನುಂಗುವ ಮಾತ್ರೆಯಲ್ಲ, ರಕ್ತಸ್ರಾವಕ್ಕೆ ದಾರಿಯಾಗುತ್ತದೆ.

ನಿಜವಾಗಿ ಬಿಡಬೇಕಾದವು ಬೇರೆ ಇವೆ, ಮತ್ತು ಪತ್ರಗಳಲ್ಲಿ ಅವುಗಳ ಸುದ್ದಿಯೇ ಇರುವುದಿಲ್ಲ. ಬೀಡಿ ಸಿಗರೇಟಿನಿಂದ ಶ್ವಾಸಕೋಶ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಅದು ದೊಡ್ಡ ಕರುಳಿನ ಕ್ಯಾನ್ಸರ್‌ಗೂ ಪಾಲಿಪ್‌ಗೂ ಕಾರಣಗಳಲ್ಲಿ ಒಂದು ಎನ್ನುವುದು ಗೊತ್ತಿಲ್ಲ. ಮದ್ಯವೂ ಹಾಗೆಯೇ, ಕುಡಿದಷ್ಟೂ ಅಪಾಯ ಏರುತ್ತದೆ. ಹೊಟ್ಟೆಯ ಸುತ್ತ ಬೆಳೆದ ಬೊಜ್ಜು ಮೂರನೆಯದು. ಮಾಂಸದ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿದ್ದು ಬಹಳ ಚರ್ಚೆಯಾಯಿತು: ಸಾಸೇಜು, ಸಲಾಮಿ, ಬೇಕನ್‌ನಂಥ ಸಂಸ್ಕರಿಸಿದ ಮಾಂಸದಿಂದ ಕರುಳಿನ ಕ್ಯಾನ್ಸರ್ ಬರುವುದಕ್ಕೆ ಖಚಿತ ಪುರಾವೆ ಇದೆ, ದಿನಕ್ಕೆ 50 ಗ್ರಾಂ ತಿಂದರೆ ಅಪಾಯ ಶೇ 18ರಷ್ಟು ಹೆಚ್ಚು. ಮಟನ್, ದನದ ಮತ್ತು ಹಂದಿ ಮಾಂಸಗಳನ್ನು 'ಕಾರಣವಾಗುವ ಸಂಭವವಿದೆ' ಎಂಬ ಪಟ್ಟಿಗೆ ಸೇರಿಸಿತು. ಭಾನುವಾರ ಒಂದು ಹೊತ್ತು ಮಟನ್ ಸಾರು ಉಣ್ಣುವವರು ಇದನ್ನು ಓದಿ ಕಂಗಾಲಾಗಬೇಕಿಲ್ಲ. ಕೋಲ್ಡ್ ಸ್ಟೋರೇಜಿನಿಂದ ತಂದ ಸಾಸೇಜನ್ನು ದಿನಾ ಬೆಳಗ್ಗೆ ಮಕ್ಕಳ ತಟ್ಟೆಗೂ ಹಾಕುವ ಬೆಂಗಳೂರಿನ ಮನೆಗಳು ಮಾತ್ರ ಗಂಭೀರವಾಗಿ ಯೋಚಿಸಬೇಕು.

ಇನ್ನು ಪರೀಕ್ಷೆ ಎನ್ನುವುದು ಅಭ್ಯಾಸಗಳ ಮೇಲೆ ಮಾಡುವ ಪರಿಣಾಮ. ನಾರ್ವೆಯಲ್ಲಿ ಕರುಳಿನ ತಪಾಸಣೆಗೆ ಒಳಗಾದವರನ್ನೂ ಆಗದವರನ್ನೂ ಮೂರು ವರ್ಷ ಹೋಲಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಬಂತು. ತಪಾಸಣೆ ಮಾಡಿಸಿಕೊಂಡವರು ಹೆಚ್ಚು ಜಾಗರೂಕರಾಗಿರುತ್ತಾರೆ ಎಂದು ನಾವೆಲ್ಲ ಊಹಿಸುತ್ತೇವೆ. ಅಲ್ಲಿ ಆದದ್ದು ಬೇರೆ. ಅವರ ತೂಕವೇ ತುಸು ಹೆಚ್ಚು ಏರಿತ್ತು. ಎಲ್ಲ ಸರಿ ಇದೆ ಎಂಬ ವರದಿ ಕೈಗೆ ಬಂದಮೇಲೆ ಮನಸ್ಸು ಸಡಿಲವಾಗುವುದು ಮನುಷ್ಯ ಸಹಜ. ಹೆಲ್ತ್ ಚೆಕಪ್ ಮುಗಿಸಿದ ಸಂಜೆಯೇ ಬಿರಿಯಾನಿಗೆ ಹೋಗುವವರನ್ನು ನಾನೂ ನೋಡಿದ್ದೇನೆ, ನೀವೂ ನೋಡಿರುತ್ತೀರಿ. ಇದಕ್ಕೆ ಎದುರಾಗಿ ಸ್ಕಾಟ್ಲೆಂಡಿನ ಬೀವೆಲ್ ಪ್ರಯೋಗವಿದೆ. ಅದರ ವಿವರ 2014ರಲ್ಲಿ ಪ್ರಕಟವಾಯಿತು. ಅಡಿನೋಮಾ ತೆಗೆಸಿಕೊಂಡ, ತೂಕ ಹೆಚ್ಚಿದ್ದ 329 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೈಪಿಡಿ ಕೊಟ್ಟು ಕಳಿಸಿದರು. ಇನ್ನೊಂದು ಗುಂಪಿನವರನ್ನು ಮೂರು ಸಲ ಮುಖಾಮುಖಿ ಕೂರಿಸಿಕೊಂಡು ಮಾತಾಡಿ, ಆಮೇಲೆ ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸಿದರು. ವರ್ಷದ ಕೊನೆಗೆ ಕೈಪಿಡಿಯವರು ಇಳಿಸಿದ್ದು ಸರಾಸರಿ 0.78 ಕಿಲೋ, ಫೋನ್ ಬಂದವರು 3.5 ಕಿಲೋ.

ಈ ಫಲಿತಾಂಶ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅವರಿಗೆ ಯಾವ ವಿಶೇಷ ಆಹಾರವೂ ಸಿಗಲಿಲ್ಲ, ದುಬಾರಿ ಔಷಧಿಯೂ ಸಿಗಲಿಲ್ಲ. ಯಾರೋ ಒಬ್ಬರು ಎದುರು ಕೂತು ಮಾತಾಡಿದರು, ಆಮೇಲೆ ನೆನಪಿಟ್ಟುಕೊಂಡು ಫೋನ್ ಮಾಡಿದರು, ಅಷ್ಟೇ. ನಮ್ಮ ಆಸ್ಪತ್ರೆಗಳು ಡಿಸ್ಚಾರ್ಜ್ ಕಾಗದದ ಕೊನೆಗೆ 'ಹೆಚ್ಚು ನಾರಿನ ಆಹಾರ ಸೇವಿಸಿ' ಎಂದು ಒಂದು ಸಾಲು ಹಾಕಿ ಕೈತೊಳೆದುಕೊಳ್ಳುತ್ತವೆ. ನರ್ಸ್ ಒಬ್ಬರು ತಿಂಗಳಿಗೊಮ್ಮೆ ಕನ್ನಡದಲ್ಲಿ, ಆ ಊರಿನ ಊಟ ಗೊತ್ತಿರುವ ಮಾತಿನಲ್ಲಿ ಫೋನ್ ಮಾಡಿ ವಿಚಾರಿಸುವ ವ್ಯವಸ್ಥೆ ಇಲ್ಲೂ ಆಗಬೇಕು. ಅದು ಆಗುವವರೆಗೆ ಆ ಕೆಲಸವನ್ನು ಮನೆಯವರೋ ಸ್ನೇಹಿತರೋ ಮಾಡಬೇಕು. ನನ್ನ ಸಂಜೆಯ ನಡಿಗೆ ತಪ್ಪದೆ ನಡೆಯುತ್ತಿರುವುದು ಪಕ್ಕದ ಬೀದಿಯ ಗೆಳೆಯ ಗೇಟಿನ ಹತ್ತಿರ ಬಂದು ಕೂಗುತ್ತಾನೆ ಎನ್ನುವ ಕಾರಣಕ್ಕೆ. ದೇಹಕ್ಕೆ ಕೆಲಸ ಕೊಡುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಐದನೇ ಒಂದು ಭಾಗದಷ್ಟಾದರೂ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಬಯಾಪ್ಸಿ ವರದಿಯ ಭಯ ಕೆಲವು ವಾರಗಳಲ್ಲಿ ಆರಿಹೋಗುತ್ತದೆ. ಅಷ್ಟರೊಳಗೆ ಜೊತೆಗಾರರೊಬ್ಬರನ್ನು ಹುಡುಕಿಕೊಂಡರೆ ಅಭ್ಯಾಸ ನಿಲ್ಲುತ್ತದೆ.

ಈಗ ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ಮತ್ತೆ ಯಾವಾಗ ಎನ್ನುವುದು ಪಾಲಿಪ್ ಎಷ್ಟಿದ್ದವು, ಎಷ್ಟು ದೊಡ್ಡವು, ಯಾವ ಜಾತಿಯವು ಎನ್ನುವುದರ ಮೇಲೆ ನಿಂತಿದೆ. ಅಮೆರಿಕದ ತಜ್ಞರ ಕಾರ್ಯಪಡೆ 2020ರಲ್ಲಿ ಕೊಟ್ಟ ಸಲಹೆ ಹೀಗಿದೆ: 10 ಮಿಲಿಮೀಟರಿಗಿಂತ ಚಿಕ್ಕ ಅಡಿನೋಮಾ ಒಂದೋ ಎರಡೋ ಇದ್ದರೆ 7ರಿಂದ 10 ವರ್ಷಕ್ಕೆ, ಅಂಥವು ಮೂರು ನಾಲ್ಕು ಇದ್ದರೆ 3ರಿಂದ 5 ವರ್ಷಕ್ಕೆ, 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ, ಇಲ್ಲವೇ ವರದಿಯಲ್ಲಿ 'ವಿಲ್ಲಸ್' ಅಥವಾ 'ಹೈ ಗ್ರೇಡ್' ಎಂದಿದ್ದರೆ 3 ವರ್ಷಕ್ಕೆ, ಹತ್ತಕ್ಕಿಂತ ಹೆಚ್ಚಿದ್ದರೆ ಒಂದೇ ವರ್ಷಕ್ಕೆ. ಕರುಳು ಸರಿಯಾಗಿ ಶುದ್ಧವಾಗಿರದಿದ್ದರೆ ಈ ಲೆಕ್ಕ ಬದಲಾಗುತ್ತದೆ, ಬೇಗ ಕರೆಯುತ್ತಾರೆ. ನಿಮ್ಮ ಡಾಕ್ಟರು ನಿಮ್ಮ ವಯಸ್ಸು, ಬೇರೆ ಕಾಯಿಲೆ ನೋಡಿ ಹೇಳುವ ತಾರೀಕೇ ನಿಮ್ಮದು. ಹತ್ತು ವರ್ಷ ಎಂದವರು ಪ್ರತಿ ವರ್ಷ ಮಾಡಿಸಿ ದುಡ್ಡು ಕಳೆಯಬೇಕಿಲ್ಲ, ಮೂರು ವರ್ಷ ಎಂದವರು ಆರಕ್ಕೆ ತಳ್ಳಬಾರದು. ಕೊಲೊನೊಸ್ಕೋಪಿ ವರದಿ, ಬಯಾಪ್ಸಿ ವರದಿ ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟು, ಮೇಲೆ ಮುಂದಿನ ಇಸವಿಯನ್ನು ದಪ್ಪಕ್ಷರದಲ್ಲಿ ಬರೆಯಿರಿ. ಆಸ್ಪತ್ರೆ ಬದಲಾಗುತ್ತದೆ, ಡಾಕ್ಟರು ವರ್ಗವಾಗುತ್ತಾರೆ, ಫೋನ್ ಕಳೆದುಹೋಗುತ್ತದೆ. ಮಗಳಿಗೋ ಸೊಸೆಗೋ ಆ ಇಸವಿಯನ್ನು ಬಾಯಲ್ಲೂ ಹೇಳಿಡಿ.

ಶಿರಸಿಯಿಂದ ಬಂದ ಒಂದು ಪತ್ರದಲ್ಲಿ ಮಾತ್ರ ಪ್ರಶ್ನೆ ಬೇರೆಯಾಗಿತ್ತು. ಅಣ್ಣನಿಗೆ ದೊಡ್ಡ ಪಾಲಿಪ್ ತೆಗೆದರು, ನಾನೂ ನೋಡಿಸಿಕೊಳ್ಳಬೇಕೇ ಎಂದು ತಂಗಿ ಕೇಳಿದ್ದಾರೆ. ಹೌದಮ್ಮ, ನೋಡಿಸಿಕೊಳ್ಳಿ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಒಬ್ಬರಿಗೆ ಕರುಳಿನ ಕ್ಯಾನ್ಸರ್ ಆಗಿದ್ದರೆ ಅಥವಾ ಮೇಲೆ ಹೇಳಿದ ದೊಡ್ಡ ಇಲ್ಲವೇ ಹೈ ಗ್ರೇಡ್ ಜಾತಿಯ ಅಡಿನೋಮಾ ಇದ್ದರೆ, ಉಳಿದವರು 40ನೇ ವಯಸ್ಸಿಗೆ, ಇಲ್ಲವೇ ಮನೆಯಲ್ಲಿ ಅದು ಪತ್ತೆಯಾದವರ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಎರಡರಲ್ಲಿ ಯಾವುದು ಮೊದಲೋ ಆಗ ಪರೀಕ್ಷೆ ಮಾಡಿಸಬೇಕು ಎನ್ನುವುದು ತಜ್ಞರ ಸಲಹೆ. ನಿಮ್ಮ ಅಣ್ಣನಿಗೆ 46ರಲ್ಲಿ ಸಿಕ್ಕಿತು ಎಂದು ಬರೆದಿದ್ದೀರಿ, ಹಾಗಾದರೆ ಲೆಕ್ಕ 36. ಅದು ನಿಮಗೆ ಆಗಲೇ ದಾಟಿದೆ. ಅಣ್ಣನ ಎರಡೂ ವರದಿಗಳ ಪ್ರತಿ ತೆಗೆದುಕೊಂಡು ಹೊಟ್ಟೆ ಕರುಳಿನ ತಜ್ಞರನ್ನು ಈ ತಿಂಗಳೇ ಕಾಣಿ, ಹೋಗುವಾಗ ನಿಮ್ಮ ತಮ್ಮನನ್ನೂ ಕರೆದುಕೊಂಡು ಹೋಗಿ.